ಅಂಗಡಿ ಅಸಲಿ, ಬಿಲ್ಲೂ ಅಸಲಿ, ಮಾಲು ಮಾತ್ರ ನಕಲಿ

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ ತಾನೇ ಕಂಪ್ಯೂಟರ್ ಜೋಡಿಸುವ ಹುಚ್ಚು. ದೀಪಾವಳಿ ಆಫರಿನಲ್ಲಿ ನಲವತ್ತು ಸಾವಿರ ದಾಟುವ, ಎಎಂಡಿ ಕಂಪನಿಯ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ ಒಂದನ್ನು ಆನ್‌ಲೈನಿನಲ್ಲಿ ತರಿಸಿಕೊಂಡ. ಆ ಪೆಟ್ಟಿಗೆಯ ಬದಿಯಲ್ಲಿ ಒಂದು ಪುಟ್ಟ ಕಿಟಕಿ ಇರುತ್ತದೆ, ಅದರಲ್ಲಿ ಚಿಪ್ಪಿನ ನೆತ್ತಿ ಕಾಣುತ್ತದೆ. ನೆತ್ತಿಯ ಮೇಲೆ ಮಾಡೆಲ್ ನಂಬರ್ ಸರಿಯಾಗೇ ಇತ್ತು, ಸೀಲೂ ಇತ್ತು. ಹೊರಗೆ ತೆಗೆದು ಅಂಗಾತ ಮಾಡಿದರೆ ಕೆಳಗೆ ಬ್ರಷ್ಷಿನ ಕೂದಲಿನ ಹಾಗೆ ಸಾಲು ಸಾಲು ಪಿನ್ನುಗಳು!

ಅವನು ದುಡ್ಡು ಕೊಟ್ಟಿದ್ದು ಎಎಂ5 ತಲೆಮಾರಿನ ಚಿಪ್ಪಿಗೆ. ಅದರ ಅಡಿಯಲ್ಲಿ ಪಿನ್ನೇ ಇರುವುದಿಲ್ಲ, 1,718 ಚಪ್ಪಟೆ ಚುಕ್ಕಿಗಳಿರುತ್ತವೆ. ಪಿನ್ನಿರುವುದು ಹಳೆಯ ತಲೆಮಾರಿನವಕ್ಕೆ. ನೆತ್ತಿಯ ಅಂಚನ್ನು ಉಗುರಿನಿಂದ ಕೆರೆದ, ತೆಳುವಾದ ಹಾಳೆಯೊಂದು ಎದ್ದು ಬಂತು. ಮೂರು ಕಾಸಿನ ಹಳೆ ಚಿಪ್ಪಿಗೆ ಹೊಸ ಹೆಸರಿನ ತಗಡು ಅಂಟಿಸಿದ್ದರು.

ಫೋನ್ ಮಾಡಿ ಅವನು ಕೇಳಿದ್ದು ಒಂದೇ ಮಾತು: "ಮಾಮಾ, ನಾನು ಯಾವುದೋ ಬೀದಿಬದಿಯವನ ಹತ್ರ ತಗೊಂಡಿಲ್ಲ. ಇಷ್ಟು ದೊಡ್ಡ ಅಂಗಡಿಯವರು ಡೂಪ್ಲಿಕೇಟ್ ಮಾರ್ತಾರಾ?"

ಅಂಗಡಿಯವರು ಬೇಕೆಂದೇ ಮಾರಿರಲಾರರು. ಅವನಿಗಿಂತ ಮೊದಲು ಆ ಪೆಟ್ಟಿಗೆ ಬೇರೆ ಯಾರದೋ ಮನೆಗೆ ಹೋಗಿ ವಾಪಸ್ ಬಂದಿರುವ ಸಾಧ್ಯತೆಯೇ ಹೆಚ್ಚು. ಆ 'ಹೋಗಿ ವಾಪಸ್ ಬಂದ' ದಾರಿಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡೋಣ.

ದೇವಸ್ಥಾನದ ಮುಂದಿನ ಚಪ್ಪಲಿ

ದೇವಸ್ಥಾನಕ್ಕೆ ಸವೆದ ಚಪ್ಪಲಿ ಹಾಕಿಕೊಂಡು ಬಂದವನೊಬ್ಬ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋಗುವುದನ್ನು ಕೇಳಿದ್ದೇವೆ. ಚಪ್ಪಲಿ ಕಾಯುವವನಿಗೆ ಲೆಕ್ಕ ತಪ್ಪುವುದಿಲ್ಲ. ಬಂದದ್ದು ಒಂದು ಜೊತೆ, ಹೋದದ್ದೂ ಒಂದು ಜೊತೆ. ಮೋಸ ಬಯಲಾಗುವುದು ಹೊಸ ಚಪ್ಪಲಿಯ ಯಜಮಾನ ದರ್ಶನ ಮುಗಿಸಿ ಹೊರಗೆ ಬಂದಾಗ.

ರಿಟರ್ನ್ ಮೋಸದ ತಿರುಳೂ ಇದೇ. ಒಬ್ಬ ಅಸಲಿ ಮಾಲು ಕೊಳ್ಳುತ್ತಾನೆ. ಅದೇ ರೂಪದ ನಕಲಿಯೊಂದನ್ನು ಮೊದಲೇ ತರಿಸಿಟ್ಟುಕೊಂಡಿರುತ್ತಾನೆ. ಅಸಲಿಯನ್ನು ಇಟ್ಟುಕೊಂಡು, ನಕಲಿಯನ್ನು ಅಸಲಿಯ ಪೆಟ್ಟಿಗೆಗೆ ಹಾಕಿ, 'ಇಷ್ಟವಾಗಲಿಲ್ಲ' ಎಂದು ಹಿಂದಿರುಗಿಸುತ್ತಾನೆ. ಪೂರ್ತಿ ದುಡ್ಡು ವಾಪಸ್ ಬರುತ್ತದೆ. ಕೈಯಲ್ಲಿ ಉಳಿದ ಅಸಲಿಯನ್ನು ಮಾರಿದರೆ ಅಷ್ಟೂ ಲಾಭ. ಇತ್ತ ಅಂಗಡಿಯ ಲೆಕ್ಕದಲ್ಲಿ ಹೋದದ್ದು ಒಂದು ಪೆಟ್ಟಿಗೆ, ಬಂದದ್ದೂ ಒಂದು ಪೆಟ್ಟಿಗೆ. ಆ ಪೆಟ್ಟಿಗೆ ಮತ್ತೆ ಕಪಾಟು ಸೇರಿದರೆ ಮುಂದಿನ ಗಿರಾಕಿಯೇ ಹೊಸ ಚಪ್ಪಲಿ ಕಳೆದುಕೊಂಡವನು.

ನಕಲಿ ಎಂದರೆ ಇಲ್ಲಿ ಎರಡು ಬಗೆ. ಒಂದು, ಬ್ರ್ಯಾಂಡಿನ ಹೆಸರು ಕದ್ದು ಬೇರೆಯವರು ತಯಾರಿಸಿದ್ದು. ಮಾರ್ಕೆಟ್ಟಿನಲ್ಲಿ ಇದಕ್ಕೆ 'ಫಸ್ಟ್ ಕಾಪಿ' ಎನ್ನುತ್ತಾರೆ, ಅಸಲಿಗೆ ತೀರಾ ಹತ್ತಿರ ಬರುವ ನಕಲು. ಇನ್ನೊಂದು, ಅದೇ ಕಂಪನಿಯದೇ ಆದರೂ ಹಳೆಯ ಅಥವಾ ಕೆಟ್ಟ ವಸ್ತುವಿಗೆ ಹೊಸದರ ವೇಷ ಹಾಕಿದ್ದು. ನಮ್ಮ ಹುಡುಗನಿಗೆ ಬಂದದ್ದು ಎರಡನೆಯದು.

ಮೊದಲನೆಯದಕ್ಕೆ ಅಮೆರಿಕದಲ್ಲಿ 2016ರಲ್ಲಿ ಶಿಕ್ಷೆಯಾದ ಒಂದು ಪ್ರಕರಣ ಚೆನ್ನಾಗಿ ಒಪ್ಪುತ್ತದೆ. ವರ್ಜೀನಿಯಾದ ಮಹಿಳೆಯೊಬ್ಬಳು ದುಬಾರಿ ಬ್ರ್ಯಾಂಡಿನ ಕೈಚೀಲಗಳನ್ನು ಆನ್‌ಲೈನಿನಲ್ಲಿ ಕೊಳ್ಳುತ್ತಿದ್ದಳು. ಚೀನಾ, ಹಾಂಕಾಂಗ್‌ಗಳಿಂದ ತರಿಸಿದ ಅಂಥದೇ ನಕಲಿ ಚೀಲಗಳನ್ನು ಹನ್ನೆರಡು ರಾಜ್ಯಗಳ ಮಳಿಗೆಗಳನ್ನು ಸುತ್ತಿ ಹಿಂದಿರುಗಿಸುತ್ತಿದ್ದಳು. ಅಸಲಿ ಚೀಲಗಳನ್ನು ಇಬೇ, ಇನ್‌ಸ್ಟಾಗ್ರಾಂಗಳಲ್ಲಿ ಮಾರಿಕೊಳ್ಳುತ್ತಿದ್ದಳು. ಅವಳಿಗೆ 30 ತಿಂಗಳ ಸೆರೆವಾಸವಾಯಿತು, 4 ಲಕ್ಷ ಡಾಲರ್ ಮೀರಿದ ಮೊತ್ತವನ್ನು ಕಟ್ಟಿಕೊಡಬೇಕೆಂದು ನ್ಯಾಯಾಲಯ ಹೇಳಿತು. ಹಿಂದಿರುಗಿಸಿದ್ದು ಆನ್‌ಲೈನಿನಲ್ಲಲ್ಲ ಎಂಬುದನ್ನು ಗಮನಿಸಿ. ಕೌಂಟರಿನ ಆಚೆ ನೌಕರ, ಈಚೆ ಗಿರಾಕಿ, ನಡುವೆ ಚೀಲ. ಕೈಯಲ್ಲಿ ಹಿಡಿದು ನೋಡಿದವರಿಗೇ ಗೊತ್ತಾಗಲಿಲ್ಲ.

ಬೆಂಗಳೂರಿಗೂ ಇದು ಹೊಸದಲ್ಲ. ಬೇರೆ ಬೇರೆ ಹೆಸರುಗಳಲ್ಲಿ ಮೊಬೈಲ್, ಕ್ಯಾಮೆರಾ, ಟಿ.ವಿ.ಯಂಥ ನೂರಕ್ಕೂ ಹೆಚ್ಚು ದುಬಾರಿ ವಸ್ತುಗಳನ್ನು ಆನ್‌ಲೈನಿನಲ್ಲಿ ತರಿಸಿ, ಅವುಗಳ ಬದಲು ಅಗ್ಗದ ನಕಲಿಗಳನ್ನು ಹಿಂದಿರುಗಿಸಿ ಸುಮಾರು 70 ಲಕ್ಷ ರೂಪಾಯಿ ವಂಚಿಸಿದ ಆರೋಪದ ಪ್ರಕರಣ 2017ರಲ್ಲೇ ಇಲ್ಲಿನ ಪೊಲೀಸರ ಮುಂದೆ ಬಂದಿತ್ತು.

ವಾಪಸ್ ಹೋದ ಪೆಟ್ಟಿಗೆಯ ಪಯಣ

ರಿಟರ್ನ್ ಬಟನ್ ಒತ್ತಿದ ಮೇಲೆ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ? 'ಕಂಪನಿಗೆ' ಎಂದುಕೊಂಡಿರುತ್ತೇವೆ. ಪೆಟ್ಟಿಗೆಯ ದಾರಿ ಅಷ್ಟು ನೇರವಾಗಿಲ್ಲ.

ಮೊದಲ ನಿಲ್ದಾಣ ನಿಮ್ಮ ಮನೆ ಬಾಗಿಲು. ಪಿಕಪ್‌ಗೆ ಬರುವ ಹುಡುಗನ ಮೊಬೈಲಿನಲ್ಲಿ ಮೂರ್ನಾಲ್ಕು ಪ್ರಶ್ನೆ ಮೂಡುತ್ತವೆ. ಬ್ರ್ಯಾಂಡ್ ಅದೇನಾ? ಬಣ್ಣ ಅದೇನಾ? ಟ್ಯಾಗ್ ಇದೆಯಾ? ಪೆಟ್ಟಿಗೆ ಇದೆಯಾ? ಟಿಕ್ ಮಾಡಿ, ಒಂದು ಫೋಟೊ ತೆಗೆದು, ಚೀಲಕ್ಕೆ ಹಾಕಿಕೊಂಡು ಹೊರಡುತ್ತಾನೆ. ದಿನಕ್ಕೆ ಹತ್ತಾರು ಮನೆ ಮುಟ್ಟಬೇಕಾದ ಆ ಹುಡುಗ ಇವತ್ತು ಸೀರೆ ನೋಡುತ್ತಾನೆ, ಮುಂದಿನ ಮನೆಯಲ್ಲಿ ಮಿಕ್ಸಿ, ಅದರಾಚೆ ಪ್ರೊಸೆಸರ್. ಮೂರರ ಅಸಲಿಯತ್ತನ್ನೂ ಅವನೊಬ್ಬನೇ ಬಲ್ಲವನಾಗಿರಬೇಕು ಎಂದು ಬಯಸುವುದು ನ್ಯಾಯವಲ್ಲ.

ಅಲ್ಲಿಂದ ಊರಿನ ಹಬ್, ಹಬ್ಬಿನಿಂದ ದೊಡ್ಡ ಗೋದಾಮು. ಹೊಸ ಮಾಲು ಗೋದಾಮಿನಿಂದ ಮನೆಗೆ ಬರುವ ಹರಿವಿಗೆ ಎದುರಾಗಿ ಸಾಗುವ ಈ ಏರ್ಪಾಟಿಗೆ ವ್ಯಾಪಾರದವರು ರಿವರ್ಸ್ ಲಾಜಿಸ್ಟಿಕ್ಸ್ ಎನ್ನುತ್ತಾರೆ. ಗೋದಾಮಿನಲ್ಲಿ ಗ್ರೇಡಿಂಗ್ ನಡೆಯುತ್ತದೆ, ಅಂದರೆ ವಾಪಸ್ ಬಂದದ್ದನ್ನು ನೋಡಿ ಇದು ಯಾವ ದರ್ಜೆ ಎಂದು ನಿರ್ಧರಿಸುವುದು. ಸೀಲ್ ಒಡೆದಿಲ್ಲ, ಗೀರಿಲ್ಲ ಎಂದರೆ ಹೊಸ ಮಾಲಿನ ಸಾಲಿಗೆ. ಸ್ವಲ್ಪ ಬಳಸಿದಂತಿದ್ದರೆ ರೀಫರ್ಬಿಶ್ಡ್ (ಸರಿಪಡಿಸಿದ್ದು) ಅಥವಾ ಓಪನ್ ಬಾಕ್ಸ್ (ಒಮ್ಮೆ ತೆರೆದದ್ದು) ಎಂಬ ಹಣೆಪಟ್ಟಿಯೊಂದಿಗೆ ಕಡಿಮೆ ಬೆಲೆಗೆ. ಇನ್ನಷ್ಟು ಕೆಟ್ಟಿದ್ದರೆ ಮಾರಾಟಗಾರನಿಗೆ ವಾಪಸ್. ಯಾರಿಗೂ ಬೇಡವೆಂದರೆ ಲಾಟ್ ಲೆಕ್ಕದಲ್ಲಿ ಸಗಟಾಗಿ ಬಿಕರಿ, ಕೊನೆಗೆ ಗುಜರಿ.

ನಮಗೆ ಬೇಕಾದ ಕವಲು ಮೊದಲನೆಯದು. ವಾಪಸ್ ಬಂದ ಪೆಟ್ಟಿಗೆಗೆ ಮತ್ತೆ 'ಹೊಸದು' ಎಂಬ ಪಟ್ಟ ಸಿಗುವ ಜಾಗ ಅದು. ಆ ಪಟ್ಟ ಸಿಕ್ಕಿತೆಂದರೆ ಪೆಟ್ಟಿಗೆಯ ಪೂರ್ವಾಶ್ರಮ ಅಳಿಸಿಹೋಗುತ್ತದೆ. ಕಾರ್ಖಾನೆಯಿಂದ ನೇರ ಬಂದದ್ದೂ, ಮೂರು ಮನೆ ಸುತ್ತಿ ಬಂದದ್ದೂ ಮೊಬೈಲ್ ತೆರೆಯ ಮೇಲೆ ಒಂದೇ ಫೋಟೊ, ಒಂದೇ ಬೆಲೆ.

ಗ್ರೇಡಿಂಗ್ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಕಲಿಯೇ ಬೇಕಿಲ್ಲ. ಮಕ್ಕಳ ಈಜು ಡಯಪರ್ ಮಾಡುವ ಅಮೆರಿಕದ ಪುಟ್ಟ ಕುಟುಂಬ ಕಂಪನಿಯೊಂದರ ಕಥೆಯನ್ನು 2024ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತ್ತು. 2020ರಲ್ಲಿ ಯಾರೋ ಬಳಸಿ ವಾಪಸ್ ಕಳಿಸಿದ ಡಯಪರ್ ಕಲೆಯ ಸಮೇತ ಇನ್ನೊಬ್ಬ ತಾಯಿಗೆ 'ಹೊಸದು' ಎಂದು ತಲುಪಿತು. ಆಕೆ ಫೋಟೊ ಸಹಿತ ಬರೆದ ಒಂದು ಸ್ಟಾರಿನ ವಿಮರ್ಶೆ ಆ ಕಂಪನಿಯ ವ್ಯಾಪಾರವನ್ನೇ ನೆಲಕಚ್ಚಿಸಿತು. ಕಣ್ಣಿಗೆ ರಾಚುವ ಕಲೆಯೇ ದಾಟಿ ಹೋಗುವ ಬಾಗಿಲಲ್ಲಿ, ಅಸಲಿಯನ್ನೇ ಹೋಲುವ ನಕಲಿ ದಾಟುವುದೇನು ಕಷ್ಟ?

ಒರೆಗೆ ಹಚ್ಚಲು ತಗಲುವ ಖರ್ಚು

ಚಿನ್ನದ ಅಂಗಡಿಗೆ ಹಳೆ ಬಳೆ ಒಯ್ಯಿರಿ. ನೀವು ಮೂರು ತಲೆಮಾರಿನ ಗಿರಾಕಿಯಾದರೂ ಅವರು ಒರೆಗಲ್ಲಿಗೆ ಉಜ್ಜದೆ, ಯಂತ್ರದಲ್ಲಿಟ್ಟು ನೋಡದೆ ದುಡ್ಡು ಎಣಿಸುವುದಿಲ್ಲ. ಅದರಲ್ಲಿ ಅವಮಾನವೇನಿಲ್ಲ, ಅದು ವ್ಯಾಪಾರದ ರೀತಿ. ಹಾಗಾದರೆ ಆನ್‌ಲೈನ್ ಅಂಗಡಿಗಳು ವಾಪಸ್ ಬಂದದ್ದನ್ನೆಲ್ಲ ಯಾಕೆ ಒರೆಗೆ ಹಚ್ಚುವುದಿಲ್ಲ?

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎರಡು ಸಾವಿರ ರೂಪಾಯಿಯ ಇಯರ್‌ಫೋನ್ ಸಾವಿರ ವಾಪಸ್ ಬಂದಿವೆ. ಪ್ರತಿಯೊಂದನ್ನೂ ಬಿಚ್ಚಿ, ಪರೀಕ್ಷಿಸಿ, ಮತ್ತೆ ಪ್ಯಾಕ್ ಮಾಡಲು 150 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ಖರ್ಚು ಒಂದೂವರೆ ಲಕ್ಷ. ಸಾವಿರದಲ್ಲಿ ಐದು ನಕಲಿ ಎಂದುಕೊಂಡರೆ ನಷ್ಟ ಹತ್ತು ಸಾವಿರ. ಹತ್ತು ಸಾವಿರ ಉಳಿಸಲು ಒಂದೂವರೆ ಲಕ್ಷ ಯಾರು ಖರ್ಚು ಮಾಡುತ್ತಾರೆ? ಐದು ಗಿರಾಕಿಗಳಿಗೆ ಸದ್ದಿಲ್ಲದೆ ರೀಫಂಡ್ ಕೊಟ್ಟುಬಿಡುವುದೇ ಅಗ್ಗ. ಅಂಗಡಿಯವರು ಕಣ್ಣು ಮುಚ್ಚಿಕೊಂಡಿದ್ದಾರೆ ಎನ್ನುವುದಕ್ಕಿಂತ, ಎಷ್ಟು ಕಣ್ಣು ತೆರೆದರೆ ಗಿಟ್ಟುತ್ತದೆ ಎಂದು ಲೆಕ್ಕ ಹಾಕಿದ್ದಾರೆ ಎನ್ನುವುದು ನಿಜಕ್ಕೆ ಹತ್ತಿರ. ಆದರೆ ಆ ಲೆಕ್ಕದಲ್ಲಿ ಐವರಲ್ಲಿ ಒಬ್ಬರಾಗಿರುವ ನಿಮ್ಮ ಅಲೆದಾಟಕ್ಕೆ, ನಕಲಿ ಚಾರ್ಜರಿನಿಂದ ಹೊಗೆಯೆದ್ದರೆ ಆಗುವ ಅನಾಹುತಕ್ಕೆ ಕಾಲಂ ಇಲ್ಲ.

ಇದೇ ಲೆಕ್ಕವನ್ನು ನಲವತ್ತು ಸಾವಿರದ ಫೋನಿಗೆ ಹಾಕಿದರೆ ಉತ್ತರ ತಿರುಗಿ ಬೀಳುತ್ತದೆ. ಐದು ನಕಲಿ ಎಂದರೆ ಎರಡು ಲಕ್ಷ ನಷ್ಟ, ಪರೀಕ್ಷೆಯೇ ಅಗ್ಗ. ಮೊಬೈಲ್ ವಾಪಸ್ ಕೊಡುವಾಗ ಪಿಕಪ್ ಹುಡುಗ ನಂಬರ್ ತಾಳೆ ನೋಡುವುದು ಇದಕ್ಕೇ. ಹಾಗಾದರೆ ನಲವತ್ತು ಸಾವಿರದ ಪ್ರೊಸೆಸರ್ ಹೇಗೆ ತಪ್ಪಿಸಿಕೊಂಡಿತು? ಫೋನ್ ಆನ್ ಮಾಡಿದರೆ ತನ್ನ ಗುರುತನ್ನು ತಾನೇ ಹೇಳುತ್ತದೆ. ಪ್ರೊಸೆಸರ್ ಬಾಯಿ ಬಿಡಬೇಕಾದರೆ ಅದಕ್ಕೊಂದು ಮದರ್‌ಬೋರ್ಡ್, ಮೆಮೊರಿ, ಅರ್ಧ ಗಂಟೆ ಬಿಡುವು, ಜೊತೆಗೆ ಬಲ್ಲವನೊಬ್ಬ ಬೇಕು. ಮನೆ ಬಾಗಿಲಲ್ಲಿ ಇವ್ಯಾವುದೂ ಇರುವುದಿಲ್ಲ.

ಹಿಂದಿರುಗುವ ಮಾಲಿನ ರಾಶಿಯೂ ಸಣ್ಣದಲ್ಲ. ಅಮೆರಿಕದ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವಾದ ನ್ಯಾಷನಲ್ ರಿಟೇಲ್ ಫೆಡರೇಷನ್‌ನ ಅಂದಾಜಿನಂತೆ 2023ರಲ್ಲಿ ಅಲ್ಲಿ ವಾಪಸ್ ಬಂದ ಸರಕಿನ ಮೌಲ್ಯ 743 ಬಿಲಿಯನ್ ಡಾಲರ್, ಒಟ್ಟು ಮಾರಾಟದ ಶೇ 14.5. ಅದರಲ್ಲಿ ಮೋಸದ್ದೇ 101 ಬಿಲಿಯನ್. ಈ ಮೋಸದ ಅಂಕಿಯಲ್ಲಿ ಕದ್ದ ಮಾಲು ಹಿಂದಿರುಗಿಸುವುದೂ, ಮದುವೆಗೆ ಉಟ್ಟ ಬಟ್ಟೆಯನ್ನು ಮಾರನೆಯ ದಿನ ವಾಪಸ್ ಮಾಡುವುದೂ ಸೇರಿದೆ. ಎಲ್ಲವೂ ಅದಲು-ಬದಲಿನದಲ್ಲ. ಮರುವರ್ಷಕ್ಕೆ ಒಟ್ಟು ಅಂದಾಜು 890 ಬಿಲಿಯನ್‌ಗೆ, ಅಂದರೆ ಮಾರಾಟದ ಶೇ 16.9ಕ್ಕೆ ಏರಿತು.

ಖರ್ಚು ಉಳಿಸುವ ಒಂದು ಉಪಾಯ ತೂಕ ನೋಡುವುದು. ಪೆಟ್ಟಿಗೆ ತೆರೆಯದೆ ತಕ್ಕಡಿಗೆ ಹಾಕಿದರೆ ಖಾಲಿಯೋ ತುಂಬಿದೆಯೋ ಗೊತ್ತಾಗುತ್ತದೆ. ಮೋಸಗಾರರೂ ಅಷ್ಟನ್ನು ಬಲ್ಲರು. ಸ್ಪೇನಿನ ಪಾಲ್ಮಾ ಊರಿನ ಯುವಕನೊಬ್ಬ ತರಿಸಿಕೊಂಡ ವಸ್ತುಗಳನ್ನು ತೂಗಿ, ಪೆಟ್ಟಿಗೆಗಳಿಗೆ ಅಷ್ಟೇ ತೂಕದ ಮಣ್ಣು ತುಂಬಿ ವಾಪಸ್ ಕಳಿಸುತ್ತಿದ್ದ ಎಂದು 2019ರಲ್ಲಿ ಅಲ್ಲಿನ ಪತ್ರಿಕೆಗಳು ಬರೆದವು. ಹೀಗೆ ಗಿಟ್ಟಿಸಿದ್ದು 3 ಲಕ್ಷ ಯೂರೋ ಮೀರಿತ್ತಂತೆ. ಮಣ್ಣಾದರೆ ಎಂದಾದರೂ ಒಬ್ಬ ಪೆಟ್ಟಿಗೆ ತೆರೆದಾಗ ಸಿಕ್ಕಿಬೀಳುತ್ತದೆ. ಮಣ್ಣಿನ ಜಾಗದಲ್ಲಿ ಫಸ್ಟ್ ಕಾಪಿ ಇದ್ದರೆ ತೆರೆದರೂ ಸಿಕ್ಕಿಬೀಳುವುದಿಲ್ಲ.

ನಮ್ಮ ಹಳೆ ಅಂಗಡಿಗಳ ಬಿಲ್ಲಿನ ಅಡಿಯಲ್ಲಿ 'ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ' ಎಂದು ಅಚ್ಚಾಗಿರುತ್ತಿತ್ತು. ಗಿರಾಕಿಗೆ ಅನ್ಯಾಯವಾದ ಸಾಲು ಅದು. ಆದರೆ ಈ ಹಿಂಬಾಗಿಲಿಗೆ ಅದೊಂದು ಅಗಳಿಯೂ ಆಗಿತ್ತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹಾಗೆ ಹೇಳಿಲ್ಲವಾದರೆ 30 ದಿನಗಳಲ್ಲಿ ವಾಪಸ್ ತೆಗೆದುಕೊಳ್ಳದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಾಗಿಲು ತೆರೆದಿರಲೇಬೇಕು. ಆ ಬಾಗಿಲಲ್ಲಿ ಯಾರನ್ನು, ಯಾವ ಒರೆಗಲ್ಲು ಕೊಟ್ಟು ಕೂರಿಸಬೇಕು ಎಂಬುದಷ್ಟೇ ಈಗಿನ ತಕರಾರು.

ಡೇರಿಯ ಕ್ಯಾನು, ಗೋದಾಮಿನ ಕಪಾಟು

ಊರಿನ ಹಾಲಿನ ಡೇರಿಯಲ್ಲಿ ಬೆಳಗ್ಗೆ ನಿಂತು ನೋಡಿ. ಎಲ್ಲರ ಮನೆಯ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ. ಬಿದ್ದ ಮೇಲೆ ಯಾರ ಹಾಲು ಯಾವುದೆಂದು ಬ್ರಹ್ಮನೂ ಹೇಳಲಾರ. ಅದಕ್ಕೇ ಸುರಿಯುವ ಮೊದಲೇ ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಫ್ಯಾಟ್ ನೋಡುತ್ತಾರೆ.

ದೊಡ್ಡ ಆನ್‌ಲೈನ್ ಗೋದಾಮುಗಳಲ್ಲೂ ಇಂಥದೊಂದು ಪದ್ಧತಿ ಇತ್ತು. ಒಂದೇ ಬಾರ್‌ಕೋಡಿನ ವಸ್ತುವನ್ನು ಹತ್ತು ಮಾರಾಟಗಾರರು ಕಳಿಸಿದರೆ, ಅವನ್ನೆಲ್ಲ ಒಂದೇ ದಾಸ್ತಾನು ಎಂದು ಪರಿಗಣಿಸುವುದು. ಇಂಗ್ಲಿಷಿನವರು ಇದನ್ನು ಕಮಿಂಗ್ಲಿಂಗ್ ಎನ್ನುತ್ತಾರೆ, ನಾವು ಬೆರಕೆ ದಾಸ್ತಾನು ಎನ್ನಬಹುದು. ಇದರಲ್ಲಿ ಗಿರಾಕಿಗೆ ಅನುಕೂಲವಿದೆ. ನೀವು ಕೊಂಡ ಮಾರಾಟಗಾರನ ಮಾಲು ದೆಹಲಿಯಲ್ಲಿದ್ದು, ಅಂಥದೇ ಇನ್ನೊಬ್ಬನ ಮಾಲು ಬೆಂಗಳೂರಿನಲ್ಲಿದ್ದರೆ, ಹತ್ತಿರದ್ದನ್ನೇ ಕಳಿಸುತ್ತಾರೆ. ನಾಳೆಯೇ ಮನೆಗೆ ಬರುತ್ತದೆ. ತೊಂದರೆ ಎಂದರೆ, ನೀವು ನಂಬಿ ಆರಿಸಿದ್ದು ಒಬ್ಬನನ್ನು, ಮಾಲು ಬಂದದ್ದು ಇನ್ನೊಬ್ಬನಿಂದ. ಒಬ್ಬನ ನಕಲಿ ಎಲ್ಲರ ಹೆಸರಿಗೂ ಹತ್ತುತ್ತದೆ. ಕ್ಯಾನಿಗೆ ಸುರಿಯುವ ಮೊದಲು ಲ್ಯಾಕ್ಟೋಮೀಟರ್ ಇಡುವವರಿಲ್ಲದಿದ್ದರೆ ಏನಾಗುತ್ತದೋ ಅದೇ.

ವರ್ಷಗಟ್ಟಲೆ ಬ್ರ್ಯಾಂಡುಗಳು ಇದರ ಮೇಲೆ ಗೊಣಗುತ್ತಲೇ ಇದ್ದವು. ಕೊನೆಗೆ ಅಮೆಜಾನ್ 2025ರ ಸೆಪ್ಟೆಂಬರಿನಲ್ಲಿ ಈ ಬೆರಕೆ ಪದ್ಧತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ಅದಕ್ಕೆ ಇಟ್ಟ ಗಡುವು 2026ರ ಮಾರ್ಚ್ 31.

ಭಾರತದಲ್ಲಿ ಇನ್ನೊಂದು ಪದರವಿದೆ. ವಿದೇಶಿ ಬಂಡವಾಳವಿರುವ ಆನ್‌ಲೈನ್ ಮಾರುಕಟ್ಟೆಗಳು ತಮ್ಮಲ್ಲಿ ಮಾರಾಟವಾಗುವ ಸರಕಿಗೆ ತಾವೇ ಒಡೆಯರಾಗುವಂತಿಲ್ಲ. ಈ ನಿಯಮವನ್ನು 2018ರ ಡಿಸೆಂಬರಿನಲ್ಲಿ ಬಿಗಿ ಮಾಡಲಾಯಿತು. ಹಾಗಾಗಿ ನೀವು ದೊಡ್ಡ ಆ್ಯಪಿನಲ್ಲಿ ಕೊಂಡರೂ ಬಿಲ್ಲಿನಲ್ಲಿರುವುದು ಬೇರೊಬ್ಬ ಮಾರಾಟಗಾರನ ಹೆಸರು. ಆ್ಯಪಿನವರು ಸಂತೆ ಮೈದಾನದ ಯಜಮಾನರಿದ್ದಂತೆ. ಅಂಗಡಿ ಹಾಕಲು ಜಾಗ ಕೊಡುತ್ತಾರೆ, ಮಾಲು ಇಡಲು ಗೋದಾಮು ಕೊಡುತ್ತಾರೆ, ದುಡ್ಡು ವಸೂಲು ಮಾಡಿಕೊಡುತ್ತಾರೆ. ಮಾಲು ಅವರದಲ್ಲ. ನಕಲಿ ಸಿಕ್ಕಾಗ 'ಮಾರಾಟಗಾರನನ್ನು ಕೇಳಿ', 'ಗೋದಾಮಿನವರನ್ನು ಕೇಳಿ' ಎಂದು ಚೆಂಡು ಅತ್ತಿಂದಿತ್ತ ಹಾರಾಡುವುದಕ್ಕೆ ಈ ಏರ್ಪಾಟೂ ಒಂದು ಕಾರಣ.

ಯಾವ ಮಾಲು ಹೆಚ್ಚು ಹುಷಾರು

ನಕಲು ಮಾಡಲು ಸುಲಭ, ಬೆಲೆ ಹೆಚ್ಚು, ಗಾತ್ರ ಸಣ್ಣದು, ಹೊರನೋಟಕ್ಕೆ ವ್ಯತ್ಯಾಸ ಗೊತ್ತಾಗದು. ಈ ನಾಲ್ಕೂ ಕೂಡಿದಲ್ಲಿ ಅದಲು-ಬದಲು ಹೆಚ್ಚು. ಸುಗಂಧದ ಬಾಟಲಿ, ಬ್ರ್ಯಾಂಡೆಡ್ ಶೂ, ಇಯರ್‌ಬಡ್ಸ್, ಪ್ರೊಸೆಸರ್, ಮೆಮೊರಿ ಕಾರ್ಡ್. ಫ್ರಿಜ್ಜು, ಮಂಚಗಳನ್ನು ಹೀಗೆ ಬದಲಿಸುವ ಉಸಾಬರಿಗೆ ಯಾರೂ ಹೋಗುವುದಿಲ್ಲ.

ಇವುಗಳಲ್ಲಿ ಮೆಮೊರಿ ಕಾರ್ಡಿನದು ಬಹಳ ಚಾಣಾಕ್ಷ ಮೋಸ. ಕಾರ್ಡಿನೊಳಗೆ ಲೆಕ್ಕ ಹೇಳುವ ಪುಟ್ಟ ಚಿಪ್ ಒಂದಿರುತ್ತದೆ. 'ನಿನ್ನಲ್ಲಿ ಎಷ್ಟು ಜಾಗವಿದೆ?' ಎಂದು ಫೋನ್ ಕೇಳಿದರೆ ಅದು ಉತ್ತರಿಸುತ್ತದೆ. ನಕಲಿ ಕಾರ್ಡಿನಲ್ಲಿ ಇರುವುದು ಎಂಟೋ ಹದಿನಾರೋ ಜಿಬಿ. ಆ ಚಿಪ್ಪಿಗೆ 'ಐನೂರ ಹನ್ನೆರಡು' ಎಂದು ಸುಳ್ಳು ಹೇಳಲು ಕಲಿಸಿರುತ್ತಾರೆ. ಮದುವೆ ಮನೆಯ ಉಗ್ರಾಣದವನೊಬ್ಬ ಬಂದ ಮೂಟೆಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು, ಕೋಣೆ ತುಂಬಿದ ಮೇಲೆ ಉಳಿದದ್ದನ್ನು ಹಿಂದಿನ ಕಿಟಕಿಯಿಂದ ಎಸೆದರೆ ಹೇಗೆ? ಊಟಕ್ಕೆ ಕೂರುವವರೆಗೂ ಪುಸ್ತಕದಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ಕಾರ್ಡಿನಲ್ಲೂ ಹಾಗೇ, ಫೋಟೊಗಳ ಹೆಸರು ಕಾಣುತ್ತವೆ, ತೆರೆದರೆ ಬರುವುದಿಲ್ಲ. ಅಷ್ಟು ಹೊತ್ತಿಗೆ ರಿಟರ್ನ್ ಅವಧಿ ಮುಗಿದಿರುತ್ತದೆ. ಕೊಂಡ ದಿನವೇ ಕಾರ್ಡನ್ನು ಪೂರ್ತಿ ತುಂಬಿಸಿ, ಓದಿ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ, ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಒಂದು ರಾತ್ರಿ ಓಡಲು ಬಿಟ್ಟರೆ ಸುಳ್ಳು ಹೊರಬೀಳುತ್ತದೆ.

ವಾರಂಟಿ ಕೌಂಟರ್ ಕೂಡ ಇಂಥದೇ ಒಂದು ಹಿಂಬಾಗಿಲು. ಅಮೆರಿಕದ ಆರೆಗಾನ್‌ನಲ್ಲಿ ಓದಲು ಬಂದಿದ್ದ ವಿದ್ಯಾರ್ಥಿಗಳಿಬ್ಬರು ಚೀನಾದಿಂದ ನಕಲಿ ಐಫೋನುಗಳನ್ನು ತರಿಸಿ, 'ಆನ್ ಆಗುತ್ತಿಲ್ಲ' ಎಂದು ಆ್ಯಪಲ್‌ಗೆ ವಾರಂಟಿಗೆ ಕಳಿಸುತ್ತಿದ್ದರು. ಆನ್ ಆಗದ ಫೋನ್ ತಾನು ಯಾರೆಂದು ಹೇಗೆ ಹೇಳೀತು? ಸುಮಾರು 3,000 ಅರ್ಜಿಗಳಲ್ಲಿ 1,493ಕ್ಕೆ ಕಂಪನಿ ಅಸಲಿ ಫೋನನ್ನೇ ಬದಲಿ ಕೊಟ್ಟಿತು. ನಷ್ಟ 8,95,800 ಡಾಲರ್ ಎಂದು ಪ್ರಾಸಿಕ್ಯೂಷನ್ ಲೆಕ್ಕ ಕೊಟ್ಟಿತು. ಇಲ್ಲಿ ನಕಲಿ ಬಂದು ಬಿದ್ದದ್ದು ಕಂಪನಿಯ ಮಡಿಲಿಗೆ, ಇನ್ನೊಬ್ಬ ಗಿರಾಕಿಯ ಕೈಗಲ್ಲ. ಆದರೂ ಬಾಗಿಲು ಮೋಸ ಹೋಗುವ ರೀತಿ ಒಂದೇ.

ಗುರುತು ಹೇಳುವ ನಂಬರ್

ಇಷ್ಟೆಲ್ಲದರ ನಡುವೆ ಗಿರಾಕಿಗೆ ಆಸರೆಯಾಗಿರುವುದು ಸೀರಿಯಲ್ ನಂಬರ್. ಬಾರ್‌ಕೋಡ್ ಎಂದರೆ ಜಾತಿ ಹೆಸರು, ಆ ಮಾಡೆಲ್ಲಿನ ಎಲ್ಲ ಪೆಟ್ಟಿಗೆಗೂ ಒಂದೇ. ಸೀರಿಯಲ್ ನಂಬರ್ ಎಂದರೆ ಸ್ವಂತ ಹೆಸರು, ಒಂದೊಂದು ವಸ್ತುವಿಗೂ ಬೇರೆ. ಪೆಟ್ಟಿಗೆಯ ಮೇಲಿನ ನಂಬರೂ ವಸ್ತುವಿನ ಮೇಲಿನ ನಂಬರೂ ಬೇರೆ ಬೇರೆಯಾಗಿದ್ದರೆ ಅಲ್ಲಿಗೆ ಕಥೆ ಗೊತ್ತಾಯಿತು. ಎರಡೂ ಒಂದೇ ಇದ್ದರೆ ನಿಶ್ಚಿಂತೆ ಎಂದಲ್ಲ. ಅಸಲಿಯ ನಂಬರನ್ನೇ ನಕಲಿಯ ಮೇಲೆ ಅಚ್ಚು ಹಾಕಬಹುದು. ಆದ್ದರಿಂದ ವಸ್ತು ತಾನಾಗಿ ಹೇಳುವ ನಂಬರ್ ಮುಖ್ಯ. ಮೊಬೈಲಿನಲ್ಲಿ *#06# ಒತ್ತಿದರೆ ಐಎಂಇಐ ಎಂಬ 15 ಅಂಕಿಯ ಸಂಖ್ಯೆ ಬರುತ್ತದೆ. ಅದು ಪೆಟ್ಟಿಗೆಯ ಮೇಲೆ ಮತ್ತು ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಯಾವ ಕಂಪನಿಯ ಯಾವ ಮಾಡೆಲ್ ಎಂಬ ಉತ್ತರ ಬರುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಐಎಸ್‌ಐ ಗುರುತಿರುವ ವಸ್ತುವಾದರೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಲೈಸೆನ್ಸ್ ನಂಬರ್ ಹಾಕಿ ತಾಳೆ ನೋಡಬಹುದು.

ವಸ್ತು ಹೇಳುವ ಮಾತನ್ನೂ ಒಂದೇ ಸಲಕ್ಕೆ ನಂಬಬಾರದು ಎನ್ನುವುದಕ್ಕೆ 2025ರ ಜನವರಿಯಲ್ಲಿ ಜರ್ಮನಿಯ ಹೈಸೆ ಸುದ್ದಿತಾಣ ಬಯಲಿಗೆಳೆದ ಹಾರ್ಡ್ ಡಿಸ್ಕ್ ಹಗರಣ ಸಾಕ್ಷಿ. ಹೆಸರಾಂತ ಅಂಗಡಿಗಳಲ್ಲಿ ಹೊಸದೆಂದು ಮಾರಿದ ಸೀಗೇಟ್ ಡಿಸ್ಕುಗಳು ಹತ್ತಾರು ಸಾವಿರ ಗಂಟೆ ಓಡಿ ದಣಿದಿದ್ದವು. ಎಲ್ಲರೂ ನೋಡುವ ಸ್ಮಾರ್ಟ್ ಎಂಬ ಮೀಟರನ್ನು ಸೊನ್ನೆಗೆ ತಿರುಗಿಸಿದ್ದರು. ಫಾರ್ಮ್ ಎಂಬ ಇನ್ನೊಂದು ಒಳದಾಖಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಅಲ್ಲಿ ಸಿಕ್ಕಿಬಿತ್ತು. ಅವು ರಿಟರ್ನ್ ದಾರಿಯಲ್ಲಿ ಬಂದವಲ್ಲ, ಸಗಟು ಪೂರೈಕೆಯ ದಾರಿಯಲ್ಲಿ ನುಸುಳಿದವು.

ಕೊಳ್ಳುವಾಗ ಓಪನ್ ಬಾಕ್ಸ್ ಡೆಲಿವರಿ ಇದ್ದರೆ, ಅಂದರೆ ತಂದವರೇ ಎದುರಿಗೆ ಬಿಚ್ಚಿ ತೋರಿಸುವ ಸೌಲಭ್ಯವಿದ್ದರೆ, ಬಿಡಬೇಡಿ. ಬಿಚ್ಚಿ ನೋಡುವ ಮೊದಲೇ ಒಟಿಪಿ ಕೊಡಬೇಡಿ. ಆ ಸೌಲಭ್ಯವಿಲ್ಲದಿದ್ದರೆ ಪಾರ್ಸೆಲ್ ಬಿಚ್ಚುವುದನ್ನು ಒಂದೇ ಓಟದ ವಿಡಿಯೊ ಮಾಡಿ. ವಿಳಾಸದ ಚೀಟಿಯಿಂದ ಶುರುವಾಗಿ ಸೀರಿಯಲ್ ನಂಬರ್ ಕಾಣುವವರೆಗೆ ಎಲ್ಲೂ ಕಡಿಯಬಾರದು. ಸೀಲಿನ ಟೇಪಿನ ಕೆಳಗೆ ಇನ್ನೊಂದು ಟೇಪಿನ ಅಂಟು ಉಳಿದಿದೆಯೇ ನೋಡಿ. ಅದೊಂದೇ ಸಾಕಷ್ಟು ಹೇಳುತ್ತದೆ.

ಸಿಕ್ಕಿಬಿದ್ದಾಗ ಕಾನೂನು ಏನು ಹೇಳುತ್ತದೆ

ಗ್ರಾಹಕ ಕಾಯ್ದೆಯಲ್ಲಿ ನಕಲಿ ಸರಕಿನ ವ್ಯಾಖ್ಯಾನ ಚಿಕ್ಕದು: ಅಸಲಿ ಎಂದು ಸುಳ್ಳು ಹೇಳಿ ಮಾರುವ ಸರಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಸರಕನ್ನು ವಾಪಸ್ ಪಡೆಯಲು, ದುಡ್ಡು ಹಿಂದಿರುಗಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರತಿ ಆನ್‌ಲೈನ್ ಮಾರುಕಟ್ಟೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ಕಾಗದದ ಮೇಲೆ ಇದು ಚೆನ್ನಾಗಿದೆ. ನಿಜವಾದ ಕಷ್ಟ ಎದುರಾಗುವುದು ಕಸ್ಟಮರ್ ಕೇರ್ ಜೊತೆಗಿನ ಮೊದಲ ಕರೆಯಲ್ಲೇ. 'ನನಗೆ ನಕಲಿ ಬಂದಿದೆ' ಎಂದು ನೀವು ಹೇಳುವ ಮಾತನ್ನೇ ಮೋಸಗಾರನೂ ಹೇಳುತ್ತಾನೆ. ಕಂಪನಿಯ ಕಣ್ಣಿಗೆ ನೀವಿಬ್ಬರೂ ಒಂದೇ. ಅದಲು-ಬದಲು ಮಾಡಿದವನು ರೀಫಂಡ್ ಪಡೆದು ಎಂದೋ ಮಾಯವಾಗಿದ್ದಾನೆ, ಅನುಮಾನ ಮಾತ್ರ ನಿಮ್ಮ ಹೆಗಲೇರುತ್ತದೆ. ಮೇಲೆ ಹೇಳಿದ ವಿಡಿಯೊ ಬೇಕಾಗುವುದು ಈ ಘಳಿಗೆಗೆ.

ನಮ್ಮ ಹುಡುಗನ ಹತ್ತಿರ ವಿಡಿಯೊ ಇತ್ತು. ಆದರೂ ಹನ್ನೊಂದು ಕರೆ, ನಾಲ್ಕು ಇಮೇಲ್ ಆದವು. 'ಚಿಪ್ಪಿನ ಕೆಳಭಾಗದ ಫೋಟೊ ಯಾಕೆ ಬೇಕು ಸರ್, ಮೇಲ್ಭಾಗದ್ದು ಕಳಿಸಿ' ಎಂದವರೂ ಇದ್ದರಂತೆ. ಕೊನೆಗೆ ರಿಟರ್ನ್ ಒಪ್ಪಿಕೊಂಡರು. ಚಿಪ್ಪಿನ ಮೇಲೆ ಮಾರ್ಕರಿನಲ್ಲಿ 'ಡೂಪ್ಲಿಕೇಟ್' ಎಂದು ಬರೆದೇ ಕೊಡುತ್ತೇನೆ ಎಂದ ಇವನು. ಹೇಗೆ ಬಂದಿತ್ತೋ ಹಾಗೇ ಕೊಡಬೇಕು, ಏನಾದರೂ ಬರೆದರೆ ರೀಫಂಡ್ ಇಲ್ಲ ಎಂದರು ಅವರು.

ಪಿಕಪ್‌ಗೆ ಬಂದ ಹುಡುಗ ಪೆಟ್ಟಿಗೆ ಕೈಗೆ ತೆಗೆದುಕೊಂಡು ಮೊಬೈಲ್ ನೋಡಿದ. ಬ್ರ್ಯಾಂಡ್ ಅದೇ, ಹೌದು. ಪೆಟ್ಟಿಗೆ ಇದೆ, ಹೌದು. ಬದಿಯ ಪುಟ್ಟ ಕಿಟಕಿಯಲ್ಲಿ ಇಣುಕಿ ಮಾಡೆಲ್ ನಂಬರ್ ಓದಿದ, ಅದೂ ಹೌದು. "ಎಲ್ಲಾ ಕರೆಕ್ಟಾಗಿದೆ ಸರ್" ಎಂದು ಟಿಕ್ ಮಾಡಿ, ಫೋಟೊ ತೆಗೆದುಕೊಂಡು, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಗಾಡಿ ಸ್ಟಾರ್ಟ್ ಮಾಡಿದ.